ನಡುವೆ ಎಳೆದ ಗೀಟು

ಮೊದಲ ದಿನವೇ ನೀವೆಸ್ ಪೆರ್ತೋತ್ ನಮ್ಮ ಪೆನ್ನುಗಳನ್ನು ಕಸಿದುಕೊಂಡಳು.
ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ,
ಅದರ ಮೇಲೆ ಮೊಣಕೈ ಊರಿ ಕೂತಳು.
ಆರು ನಿಮಿಷ ಏನನ್ನೋ ಓದಿದಳು:
ಟ್ರಿಯೆಸ್ತೆಯ ಬಂದರು, ಹಡಗಿನಿಂದಿಳಿದ ಕಾಫಿ ಮೂಟೆ,
ನೆನೆದ ಮೂಟೆಗೆ ಯಾರು ಹೊಣೆ ಎಂಬ ತಕರಾರು.
"ಈಗ ಹೇಳಿ. ಇನ್ನೊಂದು ಭಾಷೆಯಲ್ಲಿ."

ಹೊರಗೆ ಬೋರಾ ಗಾಳಿ ಕಸದ ತೊಟ್ಟಿಯೊಂದನ್ನು
ಬೀದಿಯುದ್ದ ಅಟ್ಟಿಸಿಕೊಂಡು ಹೋಗುತ್ತಿತ್ತು.
ನನ್ನ ತಲೆಯಲ್ಲಿ ಉಳಿದದ್ದು ಮೂಟೆ, ಒದ್ದೆ,
ಯಾರೋ ಗುಮಾಸ್ತನ ಸಿಟ್ಟು.
"ಮೂರು ಗೂಟ ಸಿಕ್ಕವಲ್ಲ," ಅಂದಳು,
"ಹಗ್ಗ ನೀನೇ ಕಟ್ಟು."

ಮೂರನೆಯ ವಾರ ಪೆನ್ನು ವಾಪಸು ಬಂತು,
ಜೊತೆಗೊಂದು ಉದ್ದನೆಯ ಪುಸ್ತಕ. ಹಾಳೆಯ ನಡುವೆ ಒಂದು ಗೀಟು.
ಪಕ್ಕದಲ್ಲಿ ದುಯೀಲಿಯೋ. ಅವನ ಕೈ ಹೊಲಿಗೆ ಯಂತ್ರ,
ಒಂದು ಮಾತೂ ತಪ್ಪುತ್ತಿರಲಿಲ್ಲ.
ಎದ್ದು ನಿಂತಾಗ ಮಾತ್ರ
ಕಣ್ಣು ಕಾಗದದಿಂದ ಮೇಲೇಳಲಿಲ್ಲ.
ಕೇಳಲು ಬಂದವನು ಬರೆಯುತ್ತಾ ಕೂತುಬಿಟ್ಟಿದ್ದ.

"ಮರೆತುಹೋಗುವುದನ್ನಷ್ಟೇ ಬರೆ," ಎಂದಳು ನೀವೆಸ್.
"ಹೆಸರು, ಇಸವಿ, ಅಂಕಿ.
ಮಿಕ್ಕದ್ದು ಅರ್ಥವಾಗಿದ್ದರೆ ಒಳಗೇ ಇರುತ್ತದೆ,
ಆಗಿಲ್ಲದಿದ್ದರೆ ಬರೆದೂ ದಂಡ."

ಹಾಗೆ ನನ್ನದೇ ಲಿಪಿಯೊಂದು ಹುಟ್ಟಿತು.
ಸೂರಿನ ಗುರುತು ಎಂದರೆ ಸರ್ಕಾರ. ಮೀನಿನ ಮುಳ್ಳು, 'ಆದರೆ'.
ಮೇಲೆ ನೋಡುವ ಬಾಣ: ಬೆಲೆಯಾಗಲಿ, ಜ್ವರವಾಗಲಿ, ಆಸೆಯಾಗಲಿ.
ಮರುದಿನ ನೋಡಿದರೆ ನನಗೇ ಕೋಳಿ ಕೆದರಿದಂತೆ.

ಶುಕ್ರವಾರ ಬಂತೆಂದರೆ ಹೊಟ್ಟೆ ಕಿವುಚುತ್ತಿತ್ತು.
ಸೋಮವಾರ ಕೇಳಿದ್ದನ್ನು ಪುಸ್ತಕ ಮುಚ್ಚಿ ಹೇಳಬೇಕು.
ತಡವರಿಸಿದರೆ ಅವಳು ನೆರವಾಗುತ್ತಿರಲಿಲ್ಲ,
ಕಿಟಕಿಯಾಚೆಯ ಸಮುದ್ರ ನೋಡುತ್ತಿದ್ದಳು.
"ದೀಪ ಹಾಕಿಕೊಟ್ಟರೆ ಮನೆ ಕಂಡೀತು.
ಕತ್ತಲಲ್ಲಿ ತಡಕಿದವಳಿಗೇ ಮನೆ ಗೊತ್ತಾಗುವುದು.
ಹೋಗು, ಮಲಗು. ರಾತ್ರಿಯೂ ಸ್ವಲ್ಪ ಕೆಲಸ ಮಾಡಲಿ."

ಒಂಬತ್ತು ವರ್ಷದ ಮೇಲೆ, ಕೋರ್ಟು.
ಬೋಸ್ನಿಯಾದ ಹಾಯ್ರಿಯಾ, ಹಡಗುಕಟ್ಟೆಯ ಕೂಲಿಯ ವಿಧವೆ.
ನಾಲ್ಕು ನಿಮಿಷ ಉಸಿರು ಬಿಡದೆ ಮಾತಾಡಿದಳು.
ನಾನು ಬರೆದುಕೊಂಡೆ: ಇಸವಿ, ಕೆಳಗೆ ಎರಡು ಗೆರೆ.
ಜಾಕೆಟ್. ಕಿಟಕಿ. ಕೆಳಕ್ಕೊಂದು ಬಾಣ. ಬಿಳಿ.

ದಿನಾ ಸಂಜೆ ಗಂಡನ ಜಾಕೆಟ್ಟನ್ನು
ಕಿಟಕಿಯಾಚೆ ಹಿಡಿದು ಬಡಿಯುತ್ತಿದ್ದಳಂತೆ,
ಹಿಟ್ಟಿನಂಥ ಧೂಳು.
ಅವನು ಹೋಗಿ ಎಷ್ಟೋ ಕಾಲವಾಯಿತು, ಈಗ ಕೆಮ್ಮು ಇವಳದು.

ಆಮೇಲೆ, ಯಾರೂ ಕೇಳದೆಯೇ, ಇನ್ನೊಂದು ಮಾತು:
ಕಾಲ ಬಳಿ ಕೂತ ಮಗ ಆ ಬಡಿತ ಎಣಿಸುತ್ತಿದ್ದ.
ಯೆದಾನ್, ದ್ವಾ, ತ್ರಿ.
ಅವನು ಅಂಕಿ ಕಲಿತದ್ದೇ ಹಾಗೆ.
ಹದಿನಾಲ್ಕರಾಚೆ ಬರುತ್ತಿರಲಿಲ್ಲ,
ಅದಕ್ಕೇ ಹದಿನಾಲ್ಕಕ್ಕೆ ನಿಲ್ಲಿಸುತ್ತಿದ್ದಳು.

ಇದಕ್ಕೆ ಗುರುತೇ ಇರಲಿಲ್ಲ ನನ್ನ ಬಳಿ.
ಪೆನ್ನು ಕೆಳಗಿಟ್ಟು, ಇಟಾಲಿಯನ್‌ನಲ್ಲಿ, ಹಾಗೆಯೇ ಹೇಳಿದೆ.
ವಕೀಲ ಕನ್ನಡಕ ಒರೆಸಿದ: "ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ."

ಸಂಜೆ, ನಿಯಮದಂತೆ, ಹಾಳೆಗಳನ್ನು ಯಂತ್ರಕ್ಕೆ ಕೊಟ್ಟೆ.
ನಡುಗೀಟಿನ ಸಮೇತ ಶಾವಿಗೆಯಾಗಿ ಬಿದ್ದವು.

ಆ ಇಸವಿ ಯಾವುದೆಂದು ಕೇಳಬೇಡಿ,
ಎರಡು ಗೆರೆ ಎಳೆದಿದ್ದೆ ಎಂಬುದಷ್ಟೇ ಗೊತ್ತು.
ತೀರ್ಪು ಏನಾಯಿತೋ, ಆ ವಾರ ಬೇರೊಬ್ಬಳ ಪಾಳಿ.

ಭಾನುವಾರ ಊಟವಾದ ಮೇಲೆ
ಮೇಜಿನ ಬಟ್ಟೆಯನ್ನು ಬಾಲ್ಕನಿಗೆ ಒಯ್ದು ಕೊಡವುತ್ತೇನೆ,
ಬ್ರೆಡ್ಡಿನ ಚೂರು, ಉಪ್ಪು.
ಕೆಳಗಿನ ಗುಬ್ಬಿಗಳಿಗೆ ಗೊತ್ತು, ಕಾದಿರುತ್ತವೆ.
ನಾನು ಎಣಿಸುವುದಿಲ್ಲ.
ಹದಿನಾಲ್ಕಕ್ಕೆ ಕೈ ತಾನಾಗಿ ನಿಲ್ಲುತ್ತದೆ.