ತಾರ್ಲಿಯ ಪಾಯಖಾನೆ

ಇಪ್ಪತ್ತೆರಡು ವರ್ಷ ಕೋಡಿಬಾಗದ ಮನೆಗಳಲ್ಲಿ
ನಾನು ಕಲಿತದ್ದು ಒಂದೇ: ನೀರು ಇಳಿಜಾರು ಕೇಳುತ್ತದೆ,
ಕೊಟ್ಟರೆ ಸುಮ್ಮನೆ ಹೋಗುತ್ತದೆ.
ಹಾಗಾಗಿ ಲಿಗೋರ್ ಬಾಬ್ ಕರೆದಾಗ
ಕಮೋಡಲ್ಲವೇ, ಒಂದು ದಿನದ ಕೆಲಸ, ಎಂದುಬಿಟ್ಟೆ.

ಬೈತಖೋಲದಲ್ಲಿ ಟ್ರಾಲರುಗಳೆಲ್ಲ ಮಳೆಗಾಲದ ರಜೆ ಮುಗಿಸಿ
ಬಣ್ಣ ಬಳಿಸಿಕೊಳ್ಳುತ್ತಿದ್ದವು. ನೂಲುಹುಣ್ಣಿಮೆಗೆ ಮೂರೇ ದಿನ.
ಅವುಗಳ ನಡುವೆ ಈ ಬಿಳಿ ಹಾಯಿದೋಣಿ, ತಾರ್ಲಿ,
ಮದುವೆಮನೆಗೆ ತಪ್ಪಿ ಬಂದ ದಾದಿಯ ಹಾಗೆ ನಿಂತಿತ್ತು.

"ಇಲ್ಲಿ ಕೂತರೆ ನೀನು ಸಮುದ್ರಕ್ಕಿಂತ ಕೆಳಗೆ," ಎಂದರು.
ಹೌದು. ಕಪಾಟಿನಷ್ಟು ಜಾಗ. ಮೊಣಕಾಲು ಗದ್ದಕ್ಕೆ.
ಅರ್ಧ ಇಂಚು ಫೈಬರಿನಾಚೆ ಶ್ರಾವಣದ ಕೆಂಪು ನೀರು
ನನ್ನ ಕಿವಿಯ ಮಟ್ಟದಲ್ಲಿ ತಟ್ಟುತ್ತಿತ್ತು.

ಹಳೆಯ ಕೊಳವೆ ಬಿಡಲಿಲ್ಲ. ಬಿಸಿನೀರು ಹೊಯ್ದೆ, ಬೈದೆ,
ಕೊನೆಗೆ ಗರಗಸ ಹಿಡಿದು ಕೊಯ್ದೆ.
ಒಳಗೆ ಬಿಳಿಗಲ್ಲು. ಹೆಬ್ಬೆರಳ ದಾರಿಯಲ್ಲಿ
ಕಿರುಬೆರಳೂ ಹೋಗದು.
ಉಪ್ಪುನೀರಿಗೆ ಉಚ್ಚೆ ಕೂಡಿ ವರ್ಷಗಟ್ಟಲೆ ಕಟ್ಟಿದ ಸುಣ್ಣ.
ಲಿಗೋರ್ ಬಾಬ್ ತುಂಡನ್ನು ಬೆಳಕಿಗೆ ಹಿಡಿದು ನಕ್ಕರು:
"ಮಣಿಪಾಲದಲ್ಲಿ ನನ್ನೊಳಗಿಂದ ತೆಗೆದದ್ದೂ ಇದನ್ನೇ, ಮಾರಾಯ."
ವಾಸನೆಯ ಮಾತು ಬೇಡ.
ಮೀನು ಒಣಗಿಸುವ ಮನೆಯಲ್ಲಿ ಹುಟ್ಟಿದವನು ನಾನು,
ಆದರೂ ಎರಡು ಸಲ ಮೇಲೆ ಹೋಗಿ ಗಾಳಿ ಕುಡಿದು ಬಂದೆ.

ತಳದ ವಾಲ್ವು ತಿರುಗಿಸುವ ಮುನ್ನ ಅವರು ಕೈಗಿತ್ತದ್ದು
ದಾರ ಕಟ್ಟಿದ ಮರದ ಗೂಟ, ಬುಗುರಿಯಂಥದ್ದು.
"ಇದು ಮುರಿದರೆ ಅದನ್ನು ಜಡಿ. ಯೋಚಿಸಬೇಡ."
ಮನೆಗಳಲ್ಲಿ ನನ್ನ ತಪ್ಪು ಕೆಳಮನೆಯವರ ಸೀಲಿಂಗಿನಲ್ಲಿ
ಕಲೆಯಾಗುತ್ತದೆ, ಅಷ್ಟೇ. ಇಲ್ಲಿ
ಒಂದೂವರೆ ಇಂಚಿನ ತೂತಿನ ಬಾಯಲ್ಲಿ
ಇಡೀ ಅರಬ್ಬಿ ಸಮುದ್ರ ಸರದಿಗೆ ನಿಂತಿತ್ತು.
ಗೂಟವನ್ನು ತೊಡೆಗೆ ಒತ್ತಿಕೊಂಡೇ ತಿರುಗಿಸಿದೆ.
ಮುರಿಯಲಿಲ್ಲ.

ಹೊಸ ಪಂಪು, ಹೊಸ ಬೋಗುಣಿ, ಹೋದದ್ದು ತಿರುಗಿ ಬಾರದಂತೆ
ಬಾತಿನ ಕೊಕ್ಕಿನಂಥ ರಬ್ಬರು, ಒಂದೊಂದು ತುದಿಗೂ
ಎರಡೆರಡು ಸ್ಟೀಲ್ ಕ್ಲಿಪ್ಪು.
ಆಮೇಲೆ ಕೊಳವೆಯನ್ನು ಮೇಲಕ್ಕೆ ಒಯ್ಯಿ ಎಂದರು.
ಮೇಲಕ್ಕೆ?
ಹೆಗಲಿನೆತ್ತರಕ್ಕೆ ಏರಿಸಿ, ಬಾಗಿಸಿ, ನೆತ್ತಿಯಲ್ಲೊಂದು
ಮೂಗಿನ ಹೊಳ್ಳೆಯಷ್ಟು ಗಾಳಿಕಂಡಿ ಇಟ್ಟು, ಮತ್ತೆ ಇಳಿಸಬೇಕು.
"ಇಲ್ಲದಿದ್ದರೆ ನೀನು ಎದ್ದು ಹೋದರೂ ಸಮುದ್ರ ಬರ್ತಾನೇ ಇರ್ತದೆ.
ಮಲಗಿದವರನ್ನು ಹೊತ್ತು ಮುಳುಗಿದ ದೋಣಿ ಕಂಡಿದ್ದೇನೆ,
ಇಷ್ಟಕ್ಕೇ."

ಖೇಮು ಮಾಮ ಹೋದದ್ದೂ ಇಷ್ಟಕ್ಕೇ.
ನೇತ್ರಾಣಿಯಾಚೆ, ಅಮಾವಾಸ್ಯೆ ಹತ್ತಿರದ ರಾತ್ರಿ.
ಇಪ್ಪತ್ತೆಂಟು ಗಂಡಸರ ದೋಣಿ; ಐಸಿಗೆ ಜಾಗ, ಬಲೆಗೆ ಜಾಗ,
ದೇವರ ಫೋಟೋಕ್ಕೆ ಬಲ್ಬು ಸಮೇತ ಜಾಗ.
ಉಳಿದದ್ದಕ್ಕೆ ಹಿಂಬದಿಯ ಹಗ್ಗ ಹಿಡಿದು ಹೊರಗೆ ಕೂರಬೇಕು.
ಬೆಳಿಗ್ಗೆ ಚಹಾ ಲೋಟ ಒಂದು ಮಿಕ್ಕಿತು.
ಕಾಗದದಲ್ಲಿ, ಬಲೆ ಎಳೆಯುವಾಗ ಬಿದ್ದ, ಎಂದು ಬರೆಸಿದರು.
ಅತ್ತೆ ಇಂದಿಗೂ ಹಾಗೆಯೇ ಹೇಳುತ್ತಾಳೆ, ನಾನೂ.

ಸಂಜೆ ವಾಲ್ವು ತೆರೆದರು. ನಾನು ಹಿಡಿಕೆ ಒತ್ತಿದೆ,
ಎಣಿಸುತ್ತ, ಇಪ್ಪತ್ತು ಸಲ. ಕ್ಲಿಪ್ಪುಗಳ ಸುತ್ತ
ಕಾಗದ ಒತ್ತಿ ನೋಡಿದೆವು: ಒಣ.
ಅಕ್ಕಿಕಾಳಿನಷ್ಟು ಸೀಗಡಿಮರಿಯೊಂದು ಬೋಗುಣಿಗೆ ಬಂದು ಬಿದ್ದು
ಗಾಬರಿಯಿಂದ ಸುತ್ತಿತು. ಮೊದಲ ಗಿರಾಕಿ, ಎಂದರು ಬಾಬ್.

ಕೂಲಿ ಎಣಿಸಿಕೊಳ್ಳುವಾಗ ಕೇಳಿದೆ: ಹಳೆಯದು ಏನು ಮಾಡ್ತೀರಿ?
"ಎಸೆಯೋದು. ಎಂತಕ್ಕೆ?"
ಬೇಕಿತ್ತು, ಎಂದೆ. ಪಿಂಗಾಣಿಗೆ ಬಿರುಕಿಲ್ಲ.

ಈಗ ಅದು ನಮ್ಮ ಬಾವಿಕಟ್ಟೆಯ ಬದಿ
ವಿನೆಗರಿನಲ್ಲಿ ನೆನೆಯುತ್ತಿದೆ. ಹೆಂಡತಿ ಅತ್ತ ನೋಡುವುದಿಲ್ಲ.
ಭಾವನ ಜಲದೇವಿ ನಾಡಿದ್ದು ಹೊರಡುತ್ತದೆ.
ಹೇಳಿದರೆ ನಗುತ್ತಾನೆ, ಅಷ್ಟು ಜಾಗದಲ್ಲಿ
ನಾಲ್ಕು ಕ್ರೇಟು ಬಂಗಡೆ, ಅನ್ನುತ್ತಾನೆ.
ನಾನಿನ್ನೂ ಹೇಳಿಲ್ಲ.
ನಿನ್ನೆ ಬಣ್ಣ ನೋಡುವ ನೆಪದಲ್ಲಿ ಹತ್ತಿ,
ಹಿಂಬದಿಯ ಹಗ್ಗದ ಪಕ್ಕ ಕೂತು, ಯಾರೂ ಕಾಣದಂತೆ
ಗೇಣು ಹಾಕಿದೆ: ಉದ್ದಕ್ಕೆ ಐದು, ಅಡ್ಡಕ್ಕೆ ಮೂರೂವರೆ.
ಡೆಕ್ಕು ನೀರಿಗಿಂತ ಮೇಲಿದೆ. ಕೊಳವೆ ಏರಿಸುವುದೂ ಬೇಡ,
ಇಳಿಜಾರು ಕೊಟ್ಟರೆ ಆಯ್ತು.
ಮೊಣಕಾಲು ಮಾತ್ರ ಗದ್ದಕ್ಕೆ ತಾಗುತ್ತದೆ.