ರೆಂಡಿಟ್ಟ

ಲಾಯರ್ ಸೂರ್ಯನಾರಾಯಣ ಗುಪ್ತ ಅವರೇ,
ನಿಮ್ಮ ಬಿಲ್ಲು ಬಂತು. ಗುಮಾಸ್ತ ಸೈಕಲ್ಲಿಂದ ಇಳಿಯದೆ
ಒಂದು ಕಾಲೂರಿ ನಿಂತು ಕೊಟ್ಟು ಹೋದ.
ಬಾಕಿ ಹನ್ನೆರಡು ಸಾವಿರ. ಕೆಳಗೆ ಕೆಂಪು ಗೆರೆ, ಎರಡು ಸಲ.

ನಾನು ಶಿಡ್ಲಘಟ್ಟದ ರೀಲರು. ನನಗೆ ಬರುವ ಲೆಕ್ಕ ಒಂದೇ:
ಎಷ್ಟು ಕೆಜಿ ಗೂಡು ಬೇಯಿಸಿದರೆ ಒಂದು ಕೆಜಿ ನೂಲು.
ಏಳಾದರೆ ಬದುಕಿದೆವು. ಒಂಬತ್ತಾದರೆ
ಆ ರಾತ್ರಿ ನಾನೂ ನನ್ನ ಗಂಡನೂ ಮಾತಾಡುವುದಿಲ್ಲ.
ಅದಕ್ಕೆ ರೆಂಡಿಟ್ಟ ಅನ್ನುತ್ತೇವೆ. ನಿಮ್ಮ ದಪ್ಪ ಪುಸ್ತಕಗಳಲ್ಲಿ ಇರಲಿಕ್ಕಿಲ್ಲ.

ನಿಮ್ಮದನ್ನೂ ಅದೇ ತಕ್ಕಡಿಗೆ ಹಾಕಿ ನೋಡಿದೆ.
ಹದಿನಾಲ್ಕು ವಾಯಿದೆ.
ಒಂದೊಂದಕ್ಕೂ ಒಂದು ದಿನ ಒಲೆ ಆರಿಸಿದ್ದೇನೆ,
ಇಬ್ಬರು ಆಳುಗಳಿಗೆ ಸುಮ್ಮನೆ ಕೂಲಿ ಕೊಟ್ಟಿದ್ದೇನೆ,
ಕೋರ್ಟಿನ ಹುಣಸೆಮರದ ಕೆಳಗೆ ಅದೇ ಕಲ್ಲಿನ ಮೇಲೆ ಕೂತು ಕೂತು
ಈಗ ಕಲ್ಲೇ ನನ್ನ ಗುರುತು ಹಿಡಿಯುತ್ತದೆ.
ಅಟೆಂಡರು ಕೂಗುತ್ತಿದ್ದ, ರವಣಮ್ಮಾ, ರವಣಮ್ಮಾ,
ನಾನು ಸೆರಗು ಸರಿಮಾಡಿಕೊಂಡು ಒಳಗೆ ಓಡುವಷ್ಟರಲ್ಲಿ
ನಿಮ್ಮ ಜೂನಿಯರ್ ಹುಡುಗ
'ಸೀನಿಯರ್ ಬೇರೆ ಕೋರ್ಟಲ್ಲಿದ್ದಾರೆ' ಅಂದು ತಲೆ ಬಾಗಿಸಿ ಆಗಿರುತ್ತಿತ್ತು.

ಒಂದು ದಿನ, ಸುಳ್ಳು ಯಾಕೆ ಹೇಳಲಿ, ನೀವೇ ಬಂದಿರಿ.
ನಾಲ್ಕು ನಿಮಿಷ ಮಾತಾಡಿದಿರಿ.
'ಈ ಹೆಂಗಸು ಕುದಿನೀರಿಗೆ ಬೆರಳದ್ದಿ ತೆಗೆದ ದುಡ್ಡು' ಅಂದಾಗ
ಜಡ್ಜಮ್ಮ ಪೆನ್ನು ಕೆಳಗಿಟ್ಟು ನನ್ನ ಕೈ ಕಡೆ ನೋಡಿದರು.
ಕೈ ಸೆರಗಿನೊಳಕ್ಕೆ ಎಳೆದುಕೊಂಡೆ.
ಆ ನಾಲ್ಕು ನಿಮಿಷ ಎಳೆ ಎಲ್ಲೂ ತುಂಡಾಗಲಿಲ್ಲ.
ಅದಕ್ಕೆ ಬೆಲೆ ಇಲ್ಲವೆಂದು ನಾನು ಅನ್ನುವುದಿಲ್ಲ.

ಆಮೇಲೆ ವಜಾ.
ಧರ್ಮಾವರದವನ ಚೆಕ್ಕು ಒಳ್ಳೆಯದೆಂದಲ್ಲ,
ಅವನು ನನ್ನ ನೂಲು ಒಯ್ಯಲಿಲ್ಲವೆಂದೂ ಅಲ್ಲ.
ದೂರು ಹತ್ತೊಂಬತ್ತು ದಿನ ತಡವಾಗಿ ಬಂತೆಂದು.
'ಜಡ್ಜು ಸರಿಯಿಲ್ಲ, ಮೇಲಿನ ಕೋರ್ಟಿಗೆ ಹೋಗೋಣ' ಅಂದಿರಿ ನೀವು.

ನಿಮ್ಮ ಹೋದ ವರ್ಷದ ಡೈರಿ ನಾನು ನೋಡಿದ್ದೇನೆ.
ಫೈಲು ಕೇಳಲು ಬಂದಿದ್ದೆ, ನೀವು ಕಾಫಿಗೆ ಎದ್ದು ಹೋಗಿದ್ದಿರಿ,
ಹಾಳೆ ತಿರುವಿದ್ದು ನನ್ನದೇ ತಪ್ಪು.
ಗಡುವು ಮುಗಿಯುವ ದಿನದಲ್ಲಿ ನನ್ನ ಹೆಸರಿರಲಿಲ್ಲ.
'ಪದ್ಮಿನಿ ಸೀಮಂತ. ಬಾಳೆಲೆ ನೂರೈವತ್ತು. ಹಸಿರು ಬಳೆ ಮರೆಯಬಾರದು.'
ಅಕ್ಷರ ಗುಂಡಗಿದ್ದವು. ಸಂತೋಷದಲ್ಲಿದ್ದ ಕೈ.

ಅದನ್ನೇ ಹೇಳಬಹುದಿತ್ತಲ್ಲ ಸ್ವಾಮಿ?
ರವಣಮ್ಮ, ಮಗಳ ಸೀಮಂತವಿತ್ತು, ಮರೆತೆ, ಎಂದು.
ಒಲೆಯ ಮೇಲೆ ಗೂಡು ಬಿಟ್ಟು ಒಮ್ಮೆ ನಾನೂ ಮರೆತಿದ್ದೇನೆ,
ಮಗನಿಗೆ ಜ್ವರ ನೆತ್ತಿಗೇರಿದ ರಾತ್ರಿ.
ಹನ್ನೆರಡು ಕೆಜಿ ಬೆಂದು ಅಂಬಲಿಯಾಯಿತು.
ಸಾಲಕ್ಕೆ ಗೂಡು ಕೊಟ್ಟಿದ್ದ ರೈತನಿಗೆ ನಡೆದದ್ದು ಹೇಳಿ ದುಡ್ಡು ಕಟ್ಟಿದೆ.
ಗೂಡು ಸರಿಯಿರಲಿಲ್ಲ ಅನ್ನಲಿಲ್ಲ.

ಈಗ ನನ್ನ ಬಿಲ್ಲು.
ನಿಮಗೆ ಮುಟ್ಟಿರುವುದು ಹದಿಮೂರು ಸಾವಿರ.
ಆ ನಾಲ್ಕು ನಿಮಿಷಕ್ಕೆ ಮೂರು ಇಟ್ಟುಕೊಳ್ಳಿ,
ಸ್ಟಾಂಪಿಗೆ, ಟೈಪಿಂಗಿಗೆ ಎರಡು.
ಮಿಕ್ಕ ಎಂಟು ವಾಪಸ್ಸು ಕೊಡಿ. ಕಂತಿನಲ್ಲಾದರೂ ಸರಿ.

ಫೈಲೂ ಕೊಡಿ. ಒತ್ತೆ ಇಟ್ಟುಕೊಳ್ಳಲು ಅದೇನು ಕಿವಿಯೋಲೆಯೇ?
ನೂಲೆಲ್ಲ ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳಕ್ಕೂ
ನಮ್ಮ ಬೀದಿಗೆ ಗಾಡಿ ಬರುತ್ತದೆ,
ಮೂಗು ಮುಚ್ಚಿಕೊಂಡಾದರೂ ತೂಗಿ ಕಾಸು ಎಣಿಸಿ ಹೋಗುತ್ತಾನೆ.
ರಸೀತಿ ಬೇಕೆಂದರೆ ಸಹಿ ಹಾಕುತ್ತೇನೆ:
ಫೈಲು ಮುಟ್ಟಿತು. ಅಷ್ಟೇ. ಬೇರೇನೂ ಬರೆಯಬೇಡಿ.

ಜೊತೆಗಿರುವ ಅರಿಶಿನ ಹಚ್ಚಿದ ಕವರಿನಲ್ಲಿ ನೂರೊಂದಿದೆ.
ಮಗುವಿಗೆ ಮುಯ್ಯಿ.
ಅದನ್ನು ಇದರ ಲೆಕ್ಕಕ್ಕೆ ಸೇರಿಸಬೇಡಿ.