ಓದಿಸಿ ಕೇಳಿದೆ, ಸರಿ ಇದೆ

ಬಾಣಾವರದಿಂದ ಆಚೆ, ಸಮುದಾಯ ಭವನದಲ್ಲಿ
ಹನ್ನೊಂದಕ್ಕೆಂದು ತಮಟೆ ಹೊಡೆಸಿದ್ದ ಅಹವಾಲು ಸಭೆ
ಒಂದೂವರೆಗೆ ಶುರುವಾಯಿತು.
ನಾನು ದಿನಗೂಲಿ ಬೆರಳಚ್ಚುಗಾರ.
ಮೂಲೆಯ ಮೇಜು, ಅದರ ಕುಂಟುಕಾಲಿನಡಿ
ಮಡಿಚಿಟ್ಟ ಹಳೆಯ ಮತದಾರರ ಪಟ್ಟಿ.

ಗೋಡೆಗೆ ನಕ್ಷೆ. ನಾಲ್ಕು ಪಥದ ರಸ್ತೆ ಕೆಂಪಗೆ,
ಊರನ್ನು ಮುಟ್ಟದೆ ಬಳಸಿ ಹೋಗುವಷ್ಟು ಮರ್ಯಾದೆಸ್ಥ.
ಕೆರೆ ಇತ್ತು, ಹೆಬ್ಬೆರಳ ಉಗುರಿನಷ್ಟು.
ಕೋಡಿ ಇರಲಿಲ್ಲ.

ಒಬ್ಬರಿಗೆ ಮೂರು ನಿಮಿಷ, ಎಂದರು ಅಧಿಕಾರಿ.
ಮೊದಲು ಮೈಕು ಕೆಮ್ಮಿತು, ಆಮೇಲೆ ಕಂಪನಿಯವರು.
ಅವರು ಆಡಿದ್ದು ಆಡಿದ ಹಾಗೇ ಅಚ್ಚಾಯಿತು;
ಹುಟ್ಟುವಾಗಲೇ ಕಡತದ ಅಂಗಿ ತೊಟ್ಟು ಹುಟ್ಟಿದ ಮಾತು.

ನೀರುಗಂಟಿ ಜವನಯ್ಯ ಎದ್ದ:
‘ಕೋಡಿ ಬಿದ್ರೆ ನೀರು ಎತ್ಲಾಗ್ ಹೋಗ್ತೈತೆ ಅಂತ
ನಿಮ್ ಪಟಕ್ಕೆ ಗೊತ್ತಿಲ್ಲ ಸ್ವಾಮಿ.
ನಮ್ಮಪ್ಪ ಕತ್ಲಲ್ಲಿ ಕಾಲಿಟ್ಟು ತೋರ್ಸಿದ್ದು,
ನಾನು ಕಾಲಲ್ಲೇ ಕಲ್ತಿದ್ದು.
ಅದರ ಗಂಟಲ ಮೇಲೆ ಕುಂತೈತೆ ನಿಮ್ ರಸ್ತೆ.’
ನಾನು ಬಡಿದೆ: ಗ್ರಾಮಸ್ಥರೊಬ್ಬರು ನೀರಿನ ಕುರಿತು
ಆತಂಕ ವ್ಯಕ್ತಪಡಿಸಿದರು.

ಕಾಯಿ ಸುಲಿಯುವ ಖಾದರ್‌ಬೀ ಮೈಕು ಬೇಡವೆಂದಳು:
‘ರಸ್ತೆ ಬೇಕು. ನನ್ ಮಗಳ ಕೂಸು
ರೈಲ್ವೆ ಗೇಟಲ್ಲೇ ಹುಟ್ಟಿದ್ದು, ಗೂಡ್ಸು ಗಾಡಿ ಹೋಗೋವರ್ಗೂ.
ಆದ್ರೆ ಕೆರೆ ಮೇಲಲ್ಲ. ಗೇಟಿಗೊಂದು ಸೇತುವೆ ಹಾಕಿ.’
ನನ್ನ ಹಾಳೆಯಲ್ಲಿ ಎರಡೇ ಕಾಲಂ: ಪರ, ವಿರೋಧ.
‘ಆದ್ರೆ’ಗೆ ಜಾಗವಿರಲಿಲ್ಲ.
ಪರ, ಎಂದು ಬಡಿದೆ.

ಆಗ ಲಲಿತಾಕ್ಷಿ. ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವವಳು.
ಅಧಿಕಾರಿಯತ್ತ ಅಲ್ಲ, ನನ್ನತ್ತ ತಿರುಗಿ:
‘ಎಷ್ಟು ಬಂತು ಅಂತ ಓದಿ ಹೇಳ್ದೆ
ನಾನು ಯಾರ ಪುಸ್ತಕಕ್ಕೂ ಬರೆಯಲ್ಲ.
ನೀವೇನು ಬರ್ದಿದೀರಿ, ಓದಿ.’
‘ಪ್ರತಿ ಆಮೇಲೆ ಕಳಿಸ್ತೀವಮ್ಮ.’
‘ಹಾಲು ಒಡೆದ್ಮೇಲೆ ಡಿಗ್ರಿ ನೋಡ್ತಾರಾ ಸಾರ್?’

ಎದ್ದು ನಿಂತೆ. ಹದಿನಾಲ್ಕು ವರ್ಷ
ಬೆರಳಲ್ಲಿದ್ದದ್ದು ಮೊದಲ ಸಲ ಗಂಟಲಿಗೆ ಬಂತು.
ಗ್ರಾಮಸ್ಥರೊಬ್ಬರು ಆತಂಕ ವ್ಯಕ್ತಪಡಿಸಿದರು—
ಜವನಯ್ಯ ಹಿಂದೆ ತಿರುಗಿ ನೋಡಿದ:
‘ಯಾರಪ್ಪಾ ಅದು?’

ಸಭೆ ನಕ್ಕಿತು. ನಾನೂ ನಗಬೇಕಿತ್ತು.

ಆಮೇಲೆ ಬೆಳಗಿನಿಂದ ನಡೆದದ್ದೆಲ್ಲ ಮತ್ತೊಮ್ಮೆ ನಡೆಯಿತು,
ಈ ಸಲ ನಿಧಾನಕ್ಕೆ, ಪದಕ್ಕೆ ಪದ.
ಗಂಟಲು ಅಂದಿದ್ದು ಗಂಟಲೇ ಇರಲಿ, ಎಂದರು.
ಹಿಂದಿನ ಬೆಂಚಿನ ತಿಮ್ಮಶೆಟ್ಟಿ ಕೈಯೆತ್ತಿ,
ತನ್ನ ಎರಡೆಕರೆಗೆ ದುಡ್ಡು ಬರುತ್ತೆ, ಅದಕ್ಕೇ ರಸ್ತೆ ಇಲ್ಲೇ ಬರಲಿ,
ಇದನ್ನೂ ಇದ್ದ ಹಾಗೇ ಬರೀರಿ ಅಂದ.
ಯಾರೋ ಥೂ ಎಂದರು. ಲಲಿತಾಕ್ಷಿ ಗದರಿದಳು:
‘ನಿಜ ಹೇಳವ್ನೆ, ಕೂತ್ಕಳಿ.’
ಖಾದರ್‌ಬೀ ಸೇತುವೆಗೂ ಜವನಯ್ಯನ ಕೋಡಿಗೂ
ತಕರಾರು ಹತ್ತಿಕೊಂಡಿತು;
ಸೇತುವೆ ಏರಿ ಎಲ್ಲಿಂದ ಏರಬೇಕು, ನೀರು ಎಲ್ಲಿ ಇಳಿಯಬೇಕು.
ಮೂರು ನಿಮಿಷದ ಮಾತು ಯಾರಿಗೂ ನೆನಪಿರಲಿಲ್ಲ.

ಕರೆಂಟು ಹೋಯಿತು. ಮೊಬೈಲು ಬೆಳಕಲ್ಲಿ
ಜವನಯ್ಯ ಎಲೆಡಿಕೆ ಚೀಲದ ಸುಣ್ಣ ತೆಗೆದು
ನಕ್ಷೆಯ ಮೇಲೆ ಬೆರಳೆಳೆದ,
ಕಣ್ಣು ಮುಚ್ಚಿಕೊಂಡು, ಕಾಲನ್ನು ತುಸು ಆಡಿಸುತ್ತ.
ಕೆಂಪು ಗೆರೆಯನ್ನು ಬೆಳ್ಳಗೆ ಒಂದು ಹಳ್ಳ ದಾಟಿತು.
ಅಧಿಕಾರಿ ಕರವಸ್ತ್ರ ತೆಗೆದವರು
ಕನ್ನಡಕ ಒರೆಸಿಕೊಂಡರು.

ಸ್ಕೇಲು ಹಿಡಿದು ಮೂರನೆಯ ಕಾಲಂ ಎಳೆದೆ.
ತಲೆಬರಹ ತೋಚಲಿಲ್ಲ, ಹಾಗೇ ಬಿಟ್ಟೆ.
ಎಂಟೂ ಮುಕ್ಕಾಲಿಗೆ ಕೊನೆಯ ಸಾಲು:
ಓದಿಸಿ ಕೇಳಿದೆ, ಸರಿ ಇದೆ.
ಈ ಸಾಲನ್ನು ಸಾವಿರ ಸಲ ಬಡಿದಿದ್ದೇನೆ.

ರಸ್ತೆ ಏನಾಯಿತು ಅಂತ ನನ್ನನ್ನು ಕೇಳಬೇಡಿ.
ಕಡತ ಹಾಸನಕ್ಕೆ ಹೋಗಿದೆ,
ಅಲ್ಲಿಂದ ಮೇಲಕ್ಕೆ.
ನಕ್ಷೆ ಮಡಿಚುವಾಗ ಸುಣ್ಣ ಒಣಗಿತ್ತು,
ಮಡಿಕೆಯಲ್ಲಿ ಸ್ವಲ್ಪ ಉದುರಿತು.
ಉಳಿದದ್ದು ಒಳಗಿದೆ.
ಯಾರಾದರೂ ಬಿಡಿಸಿದರೆ
ಕೈಗೆ ಅಂಟೀತು.